ವಿಳಾಸದಾರರು ಮನೆ ಬಿಟ್ಟಿದ್ದಾರೆ

ಮನೆ ಬದಲಾಯಿಸುವುದಕ್ಕೆ ಒಂದು ಟೆಂಪೊ, ಮೂರ್ನಾಲ್ಕು ಹುಡುಗರು, ಒಂದು ಭಾನುವಾರ ಸಾಕು. ಬೀರು ಹೋಗುತ್ತದೆ, ಮಂಚ ಬಿಚ್ಚಿಸಿಕೊಂಡು ಹೋಗುತ್ತದೆ, ಗ್ರೈಂಡರು ಗೋಣಿಚೀಲ ಸುತ್ತಿಕೊಂಡು ಹೋಗುತ್ತದೆ, ತುಳಸಿ ಕುಂಡ ಮುಂದಿನ ಸೀಟಿನಲ್ಲಿ ಮನೆಯೊಡತಿಯ ತೊಡೆಯ ಮೇಲೆ ಕೂತು ಹೋಗುತ್ತದೆ. ಹೋಗದೆ ಉಳಿಯುವುದು ವಿಳಾಸ ಒಂದೇ. ಅದು ಹಳೇ ಮನೆಯ ಗೇಟಿನ ಬಳಿಯೇ ನಿಂತುಕೊಂಡು, ಬಂದ ಪೋಸ್ಟ್‌ಮ್ಯಾನಿಗೂ ಕೊರಿಯರ್ ಹುಡುಗನಿಗೂ "ಹ್ಞೂಂ, ಇಲ್ಲೇ ಇದ್ದಾರೆ" ಎಂದು ವರ್ಷಗಟ್ಟಲೆ ಸುಳ್ಳು ಹೇಳುತ್ತಿರುತ್ತದೆ.

ಬಾಡಿಗೆಯವರು ಯಾವತ್ತೂ ಒಂದೇ ಮನೆಯಲ್ಲಿ ಇರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈಗ ನಾನು ಉಣ್ಣುವುದು, ಮಲಗುವುದು ಬನಶಂಕರಿಯಲ್ಲಿ. ಮತ ಹಾಕುವುದು ವಿಜಯನಗರದಲ್ಲಿ. ವಿಮೆಯ ಕಾಗದ ಹೋಗುವುದು ಹನುಮಂತನಗರಕ್ಕೆ. ಸ್ಕೂಟರು ಕಣ್ಣೆದುರಿಗೇ ಮೆಟ್ಟಿಲ ಕೆಳಗೆ ನಿಂತಿದ್ದರೂ, ಕೆಎ-20ರ ಆರ್.ಸಿ.ಯ ಪ್ರಕಾರ ಅದು ಇವತ್ತಿಗೂ ಕುಂದಾಪುರದ ಒಂದು ತೆಂಗಿನ ತೋಟದ ಪಕ್ಕದ ಮನೆಯಲ್ಲಿದೆ. ಮೋಟಾರು ವಾಹನ ಕಾಯ್ದೆಯ 49ನೇ ಸೆಕ್ಷನ್ನು, ಮನೆ ಬದಲಾಯಿಸಿದ ಮೂವತ್ತು ದಿನದೊಳಗೆ ತಿಳಿಸಬೇಕು ಎನ್ನುತ್ತದೆ. ಮೂವತ್ತು ದಿನದಲ್ಲಿ ನಮ್ಮ ಮನೆಯಲ್ಲಿ ಅಡುಗೆಮನೆಯ ಡಬ್ಬಗಳೇ ಪೆಟ್ಟಿಗೆಯಿಂದ ಈಚೆಗೆ ಬಂದಿರುವುದಿಲ್ಲ.

ನಮ್ಮವರು ಬ್ಯಾಂಕಿನಲ್ಲಿದ್ದರು. ಬ್ಯಾಂಕಿನವರ ಹೆಂಡತಿಯರು ರಾಜ್ಯದ ಭೂಪಟವನ್ನು ಅಂಚೆ ಕಚೇರಿಗಳ ಮೂಲಕ ಕಲಿಯುತ್ತಾರೆ. ಹೊಸಪೇಟೆ, ಚಿಕ್ಕೋಡಿ, ಕುಂದಾಪುರ, ನಡುವೆ ಇನ್ನೂ ಒಂದೆರಡು. ಬೆಂಗಳೂರಿಗೆ ಬಂದ ಮೇಲೆ ವರ್ಗಾವಣೆ ನಿಂತಿತು, ಮನೆ ಬದಲಾಯಿಸುವುದು ನಿಲ್ಲಲಿಲ್ಲ. ವರ್ಗ ಮಾಡುವ ಅಧಿಕಾರ ಹೆಡ್ಡಾಫೀಸಿನಿಂದ ಮನೆ ಓನರಿಗೆ ಹೋಯಿತು, ಅಷ್ಟೆ. "ಮಗನ ಮದುವೆ ಗೊತ್ತಾಯ್ತು, ಮೇಲಿನ ಮನೆ ಬೇಕಾಗುತ್ತೆ" ಎನ್ನುವರು. ಮಗನಿಗೆ ಮದುವೆಯಾಗುತ್ತದೆ, ಅವನು ಸೊಸೆಯನ್ನು ಕರೆದುಕೊಂಡು ವೈಟ್‌ಫೀಲ್ಡಿಗೆ ಹೋಗುತ್ತಾನೆ, ಮೇಲಿನ ಮನೆಗೆ ಎರಡು ಸಾವಿರ ಹೆಚ್ಚಿಗೆ ಬಾಡಿಗೆಗೆ ಬೇರೆಯವರು ಬರುತ್ತಾರೆ. ಕರಾರುಪತ್ರ ಹನ್ನೊಂದು ತಿಂಗಳದ್ದು. ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳಿದ್ದರಿಂದ, ಆ ಖರ್ಚು ಉಳಿಸಲು ಒಂದು ತಿಂಗಳು ಕತ್ತರಿಸುವ ಪದ್ಧತಿ ಬಂತು. ಹೀಗಾಗಿ ದೇಶದ ಅರ್ಧ ಬಾಡಿಗೆದಾರರ ವರ್ಷಕ್ಕೆ ಹನ್ನೊಂದೇ ತಿಂಗಳು. ಹನ್ನೆರಡನೆಯ ತಿಂಗಳು ನಾವೆಲ್ಲ ಎಲ್ಲಿರುತ್ತೇವೆಂದು ಸರ್ಕಾರ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಮನೆ ಬಿಡುವವರು ಅಂಚೆ ಇಲಾಖೆಗೆ ತಿಳಿಸಬೇಕಾದ ಕ್ರಮ ಒಂದಿದೆ. ಬರೆದುಕೊಟ್ಟರೆ ಹಳೇ ವಿಳಾಸಕ್ಕೆ ಬಂದ ಪತ್ರಗಳನ್ನು ಹೊಸ ವಿಳಾಸಕ್ಕೆ ತಿರುಗಿಸಿ ಕಳಿಸುತ್ತಾರೆ. ಬರೆದುಕೊಡಬೇಕಾದದ್ದು ಹಳೇ ಮನೆಯ ಪತ್ರ ಬಟವಾಡೆ ಮಾಡುವ ಅಂಚೆ ಕಚೇರಿಗೆ. ನಮ್ಮ ಜನ ಮಾಡುವುದೇನೆಂದರೆ, ಹೊಸ ಮನೆಗೆ ಬಂದು, ಅಟ್ಟಕ್ಕೆ ಸಾಮಾನು ಏರಿಸಿ, ಹದಿನೈದು ದಿನ ಬಿಟ್ಟು, ಹೊಸ ಬಡಾವಣೆಯ ಅಂಚೆ ಕಚೇರಿಗೆ ಹೋಗಿ "ನಾವು ಬಂದಿದ್ದೀವಿ" ಎಂದು ಹೇಳುವುದು. ಆ ಕಿಟಕಿಯಲ್ಲಿ ಕೂತವರಿಗೆ ನಾವು ಬಂದದ್ದು ಸಂತೋಷವೇ. ಆದರೆ ನಮ್ಮ ಕಾಗದ ಮೂರು ಪಿನ್‌ಕೋಡಿನ ಆಚೆ ಇರುತ್ತದಲ್ಲ, ಅವರೇನು ಮಾಡಿಯಾರು?

ಬರೆದುಕೊಡದೇ ಹೋದವರ ಪತ್ರದ ಮೇಲೆ ಪೋಸ್ಟ್‌ಮ್ಯಾನ್ ಒಂದು ಷರಾ ಬರೆಯುತ್ತಾರೆ. ಮನೆಗೆ ಬೀಗ ಹಾಕಿದ್ದರೆ "ಡೋರ್ ಲಾಕ್ಡ್". ಬೇಡವೆಂದರೆ "ರೆಫ್ಯೂಸ್ಡ್". ಹೇಳದೆ ಕೇಳದೆ ಮನೆ ಬಿಟ್ಟವರಿಗೆ "ಅಡ್ರೆಸೀ ಲೆಫ್ಟ್ ವಿತೌಟ್ ಇನ್‌ಸ್ಟ್ರಕ್ಷನ್ಸ್". ಈ ಮೂರನೆಯದರಲ್ಲಿ ನನಗೆ ಯಾವಾಗಲೂ ಸ್ವಲ್ಪ ಮುನಿಸು ಕೇಳಿಸುತ್ತದೆ. ಹೋಗುವುದು ಹೋದಿರಿ, ಒಂದು ಮಾತು ಹೇಳಿ ಹೋಗಬಾರದಿತ್ತೇ ಎನ್ನುವ ಧಾಟಿ.

ಚಿಕ್ಕೋಡಿಯ ನಮ್ಮ ಪೋಸ್ಟ್‌ಮ್ಯಾನ್ ಷರಾ ಬರೆಯುವ ಪೈಕಿ ಅಲ್ಲ. ಪತ್ರ ಕೊಡುವಾಗಲೇ ಮುಕ್ಕಾಲು ವಿಷಯ ಹೇಳಿಬಿಡುತ್ತಿದ್ದರು. "ಬಾಯಾರ, ನಿಮ್ಮ ತಮ್ಮಂದು ಟಪಾಲ್ ಬಂದೈತ್ರಿ, ಅಂವಾ ಸಣ್ಣ ಅಕ್ಷರದಾಗ ಬರದಾನ, ಭಾಳ ವಿಷಯ ಇರಬೇಕು." ಕಾರ್ಡಾದರೆ ಓದಿ ಕೊಟ್ಟೇ ಮುಂದಿನ ಮನೆಗೆ ಹೋಗುವುದು. ಕುಂದಾಪುರದವರು ಮಾತು ಕಡಿಮೆ. "ನಿಮ್ದೊಂದ್ ಕಾಗ್ದ ಬಂದಿತ್ ಕಾಣಿ" ಎಂದು ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದ ಒಳಗಿನ ಚೀಲದಿಂದ ಒಣಗಿದ ಲಕೋಟೆ ತೆಗೆದು ಕೊಡುವರು. ಆ ಊರಿನ ಆಷಾಢದಲ್ಲಿ ಹೊರಗೆ ಒಣಗಿದ್ದು ಅದೊಂದೇ ಇರುತ್ತಿತ್ತು. ಅಂಚೆಯವರಿಗೆ ಊರಿನ ಸಮಾಚಾರದ ಮೇಲೆ ಇರುವ ಈ ಹಕ್ಕು ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಮೈಸೂರು ಅಂಚೆ ಶುರು ಮಾಡಿದಾಗ, ಪತ್ರ ಸಾಗಿಸುವುದರ ಜತೆಗೆ ಸೀಮೆಯ ಗುಟ್ಟುಗಳನ್ನು ಅರಮನೆಗೆ ಮುಟ್ಟಿಸುವುದೂ ಆ ಇಲಾಖೆಯ ಕೆಲಸವಾಗಿತ್ತಂತೆ. 1889ರಲ್ಲಿ ಅದು ಬ್ರಿಟಿಷರ ಅಂಚೆಯಲ್ಲಿ ವಿಲೀನವಾಯಿತು. ಹಳೆಯ ಕರ್ತವ್ಯದ ನೆನಪು ಮಾತ್ರ ಇಲಾಖೆಯ ರಕ್ತದಲ್ಲಿ ಉಳಿಯಿತೆಂದು ಕಾಣುತ್ತದೆ. ಆರ್.ಕೆ. ನಾರಾಯಣರ ‘ಮಿಸ್ಸಿಂಗ್ ಮೇಲ್’ ಕತೆಯಲ್ಲಿ ತಾನಪ್ಪನೆಂಬ ಪೋಸ್ಟ್‌ಮ್ಯಾನ್, ಮದುವೆ ಮನೆಗೆ ಬಂದ ಸಾವಿನ ಸುದ್ದಿಯನ್ನು ಮದುವೆ ಮುಗಿಯುವತನಕ ಕೊಡದೆ ಇಟ್ಟುಕೊಳ್ಳುತ್ತಾನೆ. ಇಲಾಖೆಯ ನಿಯಮದಲ್ಲಿ ಅದು ತಪ್ಪು. ಆದರೆ ಮದುವೆ ಮಾಡಿದ ಯಾರೂ ಅವನ ಮೇಲೆ ದೂರು ಕೊಡುವುದಿಲ್ಲ.

ಬೆಂಗಳೂರಿನ ವಿಳಾಸದ ಮಾತೇ ಬೇರೆ. ಇಲ್ಲಿ ವಿಳಾಸವೆಂದರೆ ಮುಕ್ಕಾಲು ಪಾಲು ಲೆಕ್ಕ. ಹಳೇ ನಂಬರ್ ಹದಿನೇಳು ಬಾರ್ ಎರಡು, ಹೊಸ ನಂಬರ್ ನಲವತ್ತಮೂರು, ಐದನೇ ಕ್ರಾಸು, ಎಂಟನೇ ಮೇನು, ಎರಡನೇ ಹಂತ, ಮೂರನೇ ಬ್ಲಾಕು. ಇಷ್ಟು ಬರೆದರೂ ಐದಾದ ಮೇಲೆ ಐದು ‘ಎ’ ಬರುತ್ತದೆ, ಅದಾದ ಮೇಲೆ ಯಾವ ಕಾರಣಕ್ಕೋ ಹನ್ನೊಂದು ಬರುತ್ತದೆ. ಕೊನೆಗೆ ಕೈಹಿಡಿಯುವುದು "ಗಣೇಶನ ದೇವಸ್ಥಾನದ ಹಿಂದೆ" ಎಂಬ ಒಂದು ಸಾಲು. ಬೆಂಗಳೂರಿನಲ್ಲಿ ಗಣೇಶನ ದೇವಸ್ಥಾನದ ಹಿಂದೆ ಇಲ್ಲದ ಮನೆ ಯಾವುದಿದೆಯೋ ನನಗೆ ತಿಳಿಯದು.

ಈ ಗೋಜಲಿಗೆ ಉತ್ತರವಾಗಿ ಬಂದದ್ದು ಪಿನ್‌ಕೋಡು. 1972ರ ಆಗಸ್ಟ್ 15ರಂದು ಜಾರಿಗೆ ಬಂತು. ತಂದವರು ಸಂಪರ್ಕ ಸಚಿವಾಲಯದಲ್ಲಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತದ ಕವಿಯೂ ಹೌದು. ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿ, ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರ. ಇವುಗಳ ನಡುವೆ ಪತ್ರ ದಾರಿ ತಪ್ಪಬಾರದೆಂದು ಆರು ಅಂಕಿ ಕೊಟ್ಟರು. ಮೊದಲ ಅಂಕಿ ವಲಯ. ಕರ್ನಾಟಕ, ಆಂಧ್ರ, ತೆಲಂಗಾಣ ಐದರಲ್ಲಿ. ಮೊದಲ ಮೂರು ಅಂಕಿ ಪತ್ರ ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿ. ಹೊಸಹಳ್ಳಿಗಳೇ ಎಷ್ಟೋ ಇರುವ ನಮ್ಮ ರಾಜ್ಯದಲ್ಲಿ ಇದು ದೊಡ್ಡ ಉಪಕಾರ. ನನ್ನ ಪಾಲಿಗೆ ಅದು ಒಂದು ಬಗೆಯ ದಿನಚರಿಯೂ ಆಗಿದೆ. 560019 ಎಂದರೆ ಹನುಮಂತನಗರ, ಮಗಳ ಹತ್ತನೇ ಕ್ಲಾಸು, ನೀರಿಗೆ ಬೆಳಿಗ್ಗೆ ನಾಲ್ಕಕ್ಕೆ ಏಳುವುದು. 560040 ಎಂದರೆ ವಿಜಯನಗರ, ಮಾವನವರ ಕೊನೆಯ ವರ್ಷಗಳು, ಎದುರುಮನೆಯ ಪಿಟೀಲಿನ ಪಾಠ. 560070 ಈಗಿನದು. ಬ್ಯಾಂಕಿನ ಫೋನಿನಲ್ಲಿ ಹುಡುಗಿಯೊಬ್ಬಳು "ಕನ್ಫರ್ಮ್ ಮಾಡಿ ಮೇಡಂ, ಪಿನ್‌ಕೋಡ್?" ಎಂದಾಗ ನಾನು ಒಂದು ಕ್ಷಣ ತಡೆಯುವುದು ಇದಕ್ಕೇ. ಯಾವ ಕಾಲದ್ದು ಕೇಳುತ್ತಿದ್ದಾಳೆ ಎಂದು ಗೊತ್ತಾಗಬೇಕಲ್ಲ.

2025ರಲ್ಲಿ ಡಿಜಿಪಿನ್ ಎಂಬುದೂ ಬಂದಿದೆ. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದ ನಾಲ್ಕು ಮೀಟರ್ ಅಗಲದ ಚೌಕಗಳಾಗಿ ಹೆಚ್ಚಿ, ಒಂದೊಂದಕ್ಕೂ ಅಕ್ಷರ, ಅಂಕಿ ಸೇರಿದ ಹತ್ತು ಸ್ಥಾನದ ಗುರುತು ಕೊಟ್ಟಿದ್ದಾರೆ. ನಮ್ಮ ಮನೆಯ ಹಾಲಿಗೆ ಒಂದು, ಅಡುಗೆಮನೆಗೆ ಇನ್ನೊಂದು ಬಂದರೂ ಬರಬಹುದು. ಇನ್ನು ಮುಂದೆ ಸೋಫಾದಿಂದ ಎದ್ದು ಒಳಗೆ ಹೋದರೂ ವಿಳಾಸ ಬದಲಾಯಿತು ಎನ್ನಬೇಕೇನೋ.

ಹಿಂದಿನವರ ಕಾಗದಗಳ ವಿಷಯಕ್ಕೆ ಬರುತ್ತೇನೆ. ನಾವು ಬಿಟ್ಟ ಮನೆಯಲ್ಲಿ ನಮ್ಮ ಪತ್ರ ಬೀಳುತ್ತಿರುವಂತೆಯೇ, ನಾವು ಹೊಕ್ಕ ಮನೆಯಲ್ಲಿ ಇನ್ನಾರದೋ ಬೀಳುತ್ತಿರುತ್ತದೆ. ವಿಜಯನಗರದ ಮನೆಯಲ್ಲಿ ನಮಗಿಂತ ಮುಂಚೆ ಇದ್ದವರನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೂ ಬೀದಿಯಲ್ಲಿ ಎದುರಾದರೆ ಮಾತಾಡಿಸಬಲ್ಲೆ. ಒಂದೂ ಲಕೋಟೆ ಒಡೆಯಲಿಲ್ಲ, ಒಡೆಯಬೇಕಾಗಿಯೂ ಇರಲಿಲ್ಲ. ವಿಮೆಯ ನೋಟಿಸು ವರ್ಷಕ್ಕೆ ನಾಲ್ಕು ಬಾರಿ ಬರುತ್ತಿತ್ತು. ಅಂದರೆ ಕಂತು ಮೂರು ತಿಂಗಳಿಗೊಮ್ಮೆ ಕಟ್ಟುವವರು, ಒಟ್ಟಿಗೆ ಕಟ್ಟುವಷ್ಟು ಅನುಕೂಲವಂತರಲ್ಲ. ತುಮಕೂರಿನ ಯಾವುದೋ ಹೈಸ್ಕೂಲಿನ ಹಳೇ ವಿದ್ಯಾರ್ಥಿ ಸಂಘದಿಂದ ಕರೆಯೋಲೆ ಬರುತ್ತಿತ್ತು. ಕುಲದೇವರ ಜಾತ್ರೆಯ ಕರಪತ್ರದೊಳಗೆ ಕುಂಕುಮದ ಪೊಟ್ಟಣ ಇರುತ್ತಿತ್ತು. ಬೆರಳಿಗೆ ಅಂಟಿದಾಗ ತಿಳಿಯಿತು. ಆಮೇಲೆ ಒಂದು ಕಣ್ಣಿನ ಆಸ್ಪತ್ರೆಯಿಂದ ಮೇಲಿಂದ ಮೇಲೆ ಕಾರ್ಡು. ಪಾಪ, ತಪಾಸಣೆಗೆ ಹೋಗಿಲ್ಲವೆಂದು ನನಗೂ ಕಳವಳವಾಯಿತು. "ಆ ಯಜಮಾನರ ಕಣ್ಣು ಏನಾಯ್ತೋ" ಎಂದು ನಾನು, "ಯಾವ ಯಜಮಾನರು?" ಎಂದು ನಮ್ಮವರು. ಆಮೇಲೆ ಪೋಸ್ಟ್‌ಮ್ಯಾನನ್ನು ತಡೆದು, ಓನರನ್ನು ಕಾಡಿ, ಅವರ ಹೊಸ ವಿಳಾಸ ಹುಡುಕಿಸಿ, ಹಳೆಯದನ್ನು ಗೆರೆ ಹೊಡೆದು ಪಕ್ಕದಲ್ಲಿ ಬರೆದು ಡಬ್ಬಿಗೆ ಹಾಕಿದೆ. ಅವರು ಹೋಗಿದ್ದು ಎಲ್ಲಿಗೆ? ಹಿಂದಿನ ಕ್ರಾಸಿಗೆ. ದಿನಾ ನಾನು ಹಾಲು ತರುವ ದಾರಿಗೆ.

ಬೇರೆಯವರ ಮದುವೆ ಪತ್ರಿಕೆ ಬಂದಾಗ ಮಾತ್ರ ಸಂಕಟ. ದಿನ ಹತ್ತಿರವಿರುತ್ತದೆ, ತಿರುಗಿ ಕಳಿಸಿದರೆ ಆರತಕ್ಷತೆ ಮುಗಿದ ಮೇಲೆ ತಲುಪುತ್ತದೆ. ಒಮ್ಮೆ ಹೀಗೆ ಬಂದ ಪತ್ರಿಕೆಯ ಮೇಲಿದ್ದ ನಂಬರಿಗೆ ಫೋನು ಮಾಡಿ, "ನೀವು ಕರೆದವರು ಈ ಮನೆಯಲ್ಲಿಲ್ಲ" ಎಂದು ತಿಳಿಸಿದೆವು. ಆ ಕಡೆಯ ಹುಡುಗಿಯ ತಂದೆ ಎರಡು ಕ್ಷಣ ಯೋಚಿಸಿ, "ಹಾಗಾದ್ರೆ ನೀವೇ ಬಂದ್ಬಿಡಿ" ಅಂದರು. ಊಟ ಚೆನ್ನಾಗಿತ್ತು. ಹೋಳಿಗೆಗೆ ತುಪ್ಪ ಕೇಳಿದಷ್ಟು ಹಾಕಿದರು.

ಇನ್ನು ಸರ್ಕಾರಿ ಕಾಗದಪತ್ರಗಳಲ್ಲಿ ವಿಳಾಸ ತಿದ್ದಿಸುವುದು. ಅದಕ್ಕೆ ನಮ್ಮ ಹಿರಿಯರು ಒಂದು ಗಾದೆ ಮೊದಲೇ ಮಾಡಿಟ್ಟಿದ್ದಾರೆ: ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ. ಬ್ಯಾಂಕಿಗೆ ಹೋದರೆ ಹೊಸ ವಿಳಾಸವಿರುವ ಆಧಾರ್ ತನ್ನಿ ಎನ್ನುತ್ತಾರೆ. ಆಧಾರ್ ಕೇಂದ್ರಕ್ಕೆ ಹೋದರೆ ಹೊಸ ವಿಳಾಸವಿರುವ ಬ್ಯಾಂಕ್ ಪಾಸ್‌ಬುಕ್ ತನ್ನಿ ಎನ್ನುತ್ತಾರೆ. ಕರೆಂಟ್ ಬಿಲ್ಲೂ ನಡೆಯುತ್ತದೆ, ನಿಮ್ಮ ಹೆಸರಿನಲ್ಲಿದ್ದರೆ. ಬಾಡಿಗೆ ಮನೆಯ ಕರೆಂಟ್ ಬಿಲ್ಲು ಬಾಡಿಗೆಯವರ ಹೆಸರಿನಲ್ಲಿ ಇದ್ದದ್ದನ್ನು ಕಂಡವರುಂಟೇ? ಓನರಿನ ಹೆಸರಿನಲ್ಲೂ ಇರುವುದಿಲ್ಲ. ಅದು ಅವರ ತಂದೆಯ ಹೆಸರಿನಲ್ಲಿರುತ್ತದೆ, ತಂದೆ ಹಾಲಿನ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡು ಕೂತು ಇಪ್ಪತ್ತು ವರ್ಷವಾಗಿರುತ್ತದೆ. ನಮ್ಮ ಹೆಸರಿನಲ್ಲಿರುವುದು ಆ ಹನ್ನೊಂದು ತಿಂಗಳ ಕರಾರುಪತ್ರ ಒಂದೇ. ಅದನ್ನು ತೋರಿಸಿದರೆ, "ರಿಜಿಸ್ಟರ್ ಆಗಿದೆಯಾ?" ಎನ್ನುತ್ತಾರೆ. ರಿಜಿಸ್ಟರ್ ಆಗಬಾರದೆಂದೇ ಹನ್ನೊಂದು ತಿಂಗಳಿಗೆ ಮಾಡಿದ್ದು ಎಂದು ಹೇಗೆ ಹೇಳುವುದು?

2023ರಿಂದ ಆಧಾರ್‌ನಲ್ಲಿ ಒಂದು ಸುಲಭ ಬಂದಿದೆ. ಕುಟುಂಬದ ಮುಖ್ಯಸ್ಥರ ವಿಳಾಸ ಸರಿಯಿದ್ದರೆ, ಸಂಬಂಧದ ದಾಖಲೆ ಲಗತ್ತಿಸಿ, ಅವರ ಒಪ್ಪಿಗೆ ಪಡೆದು ಉಳಿದವರು ಅದೇ ವಿಳಾಸ ಹಾಕಿಸಿಕೊಳ್ಳಬಹುದು. ನಮ್ಮವರದು ಪಿಂಚಣಿಯ ಗಡಿಬಿಡಿಯಲ್ಲಿ ಹೇಗೋ ಬದಲಾಗಿತ್ತು. ನಾನು ಮೊಬೈಲಿನಲ್ಲಿ ಮದುವೆಯ ಪ್ರಮಾಣಪತ್ರ ಏರಿಸಿ ಕೋರಿಕೆ ಕಳಿಸಿದೆ. ಕೋರಿಕೆ ಎಲ್ಲೆಲ್ಲಿ ಸುತ್ತಾಡಿತೋ, ಕೊನೆಗೆ ಅದೇ ಸೋಫಾದ ಆ ತುದಿಯಲ್ಲಿ ಕೂತಿದ್ದ ನಮ್ಮವರ ಮೊಬೈಲಿಗೆ ಬಂತು. ಅವರು ಕನ್ನಡಕ ಏರಿಸಿ, ಓದಿ, "ಯಾರೋ ನಮ್ಮ ಮನೆ ವಿಳಾಸ ಕೇಳ್ತಿದಾರೆ, ಇದು ಸೈಬರ್ ವಂಚನೆ ಇರಬೇಕು" ಅಂದರು. ಬ್ಯಾಂಕಿನವರ ಬುದ್ಧಿ. "ಒಪ್ಪಿಗೆ ಒತ್ತಿ, ಅದು ನಾನು" ಅಂದೆ. "ಒತ್ತುತ್ತೀನಿ, ಮೂವತ್ತು ದಿನ ಟೈಮಿದೆ" ಎಂದರು.

ಗೃಹಜ್ಯೋತಿ ಬಂದಮೇಲೆ ಈ ಪುರಾಣಕ್ಕೆ ಹೊಸ ಅಧ್ಯಾಯ ಸೇರಿತು. 2023ರಲ್ಲಿ ಇನ್ನೂರು ಯೂನಿಟ್‌ವರೆಗಿನ ಕರೆಂಟು ಉಚಿತವಾದಾಗ ಬಾಡಿಗೆಯವರೂ ಮನೆಯ ಆರ್‌ಆರ್ ನಂಬರಿಗೆ ತಮ್ಮ ಆಧಾರ್ ಜೋಡಿಸಿದರು. ಮನೆ ಬಿಡುವಾಗ ಬಲ್ಬು, ಫ್ಯಾನು, ಗೀಸರ್ ಎಲ್ಲ ಬಿಚ್ಚಿಕೊಂಡು ಹೋದವರು ಆಧಾರ್ ಬಿಚ್ಚಿಕೊಂಡು ಹೋಗಲಿಲ್ಲ, ಏಕೆಂದರೆ ಮೊದಮೊದಲು ಬಿಚ್ಚುವ ದಾರಿಯೇ ಇರಲಿಲ್ಲ. ಆಮೇಲೆ ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಎಂಬ ಸೌಲಭ್ಯ ಬಂತು. ಈಗ ಮನೆ ಬಿಟ್ಟವರಿಗೆ ಓನರಿನಿಂದ ಬರುವ ಫೋನು ಅಡ್ವಾನ್ಸಿನದ್ದೂ ಅಲ್ಲ, ಪೇಂಟಿಂಗಿನದ್ದೂ ಅಲ್ಲ. "ಸ್ವಲ್ಪ ಡಿ-ಲಿಂಕ್ ಮಾಡ್ಬಿಡಿ ಸಾರ್, ಹೊಸಬರು ಗಲಾಟೆ ಮಾಡ್ತಿದಾರೆ."

ಮತದಾರರ ಪಟ್ಟಿಗೆ ಅರ್ಜಿ ನಮೂನೆ ಎಂಟು ಸಾಕು. ಬೇರೆ ಕ್ಷೇತ್ರಕ್ಕೆ ಹೋದರೂ ಈಗ ಅದೇ. ಆದರೂ ನಾನು ಭರ್ತಿ ಮಾಡಿಲ್ಲ, ಕಾರಣ ಆಮೇಲೆ ಹೇಳುತ್ತೇನೆ. ಮತಗಟ್ಟೆಯಲ್ಲಿ ಅಧಿಕಾರಿಗಳ ಮುಂದೆ ಇನ್ನೊಂದು ಪಟ್ಟಿಯೂ ಇರುತ್ತದೆ: ಗೈರುಹಾಜರಾದವರು, ಸ್ಥಳ ಬಿಟ್ಟವರು, ಸತ್ತವರು. ಮೂವರಿಗೂ ಒಂದೇ ಪಟ್ಟಿ, ಮನೆ ಬದಲಾಯಿಸಿದವರು ನಟ್ಟನಡುವೆ. ಗುಣಲಕ್ಷಣ ನೋಡಿಯೇ ಜೋಡಿಸಿದ್ದಾರೆ. ಹಿಂದಿನ ಚುನಾವಣೆಯಲ್ಲಿ ನಮ್ಮ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಬಿಎಲ್‌ಓ ಬಂದಾಗ ಎದುರುಮನೆ ಪಿಟೀಲಿನವರು "ಇಲ್ಲೇ ಇದ್ದಾರೆ, ಮಗಳ ಮನೆಗೆ ಹೋಗಿರಬೇಕು" ಎಂದು ಹೇಳಿದರಂತೆ.

ಎಲ್ಲ ಫಾರಂಗಳಲ್ಲೂ ಎರಡು ಅಂಕಣ: ಹಾಲಿ ವಿಳಾಸ, ಖಾಯಂ ವಿಳಾಸ. ನಮ್ಮ ಖಾಯಂ ವಿಳಾಸ ತೀರ್ಥಹಳ್ಳಿಯ ಆಚೆ, ಮಾವನವರ ಮನೆ, 577432. ಅಲ್ಲಿ ಖಾಯಮ್ಮಾಗಿ ಇರುವವರು ಯಾರೂ ಇಲ್ಲ. ಮಾಡಿನ ಹೆಂಚಿನ ಮೇಲೆ ಲಂಗೂರಗಳು ಓಡಾಡುತ್ತವೆ, ವರ್ಷಕ್ಕೊಮ್ಮೆ ಅಡಿಕೆ ಕೊಯ್ಲಿಗೆ ಭಾವನವರು ಹೋಗಿ ಬೀಗ ತೆಗೆಯುತ್ತಾರೆ. ಹಾಲಿ ವಿಳಾಸದಲ್ಲಿ ಪತ್ರ ಸಿಗದಿದ್ದಾಗ ಕಚೇರಿಗಳು ಖಾಯಂ ವಿಳಾಸಕ್ಕೆ ಬರೆಯುತ್ತವೆ. ಮಲೆನಾಡಿನ ಒಂಟಿಮನೆಗಳಿಗೆ ಪೋಸ್ಟ್‌ಮ್ಯಾನ್ ಹೊಳೆ ದಾಟಿ ದಿನಾ ಬರಲಾರ. ಕಾಗದವೆಲ್ಲ ಬಸ್ ಸ್ಟಾಪಿನ ಹೋಟೆಲಿನಲ್ಲಿ ಬನ್ನಿನ ಗಾಜಿನ ಪೆಟ್ಟಿಗೆಯ ಮೇಲೆ ಕೂರುತ್ತದೆ. ಆ ಕಡೆ ಹೋಗುವವರು ಯಾರಾದರೂ ತಲುಪಿಸುತ್ತಾರೆ. ಆದಾಯ ತೆರಿಗೆಯವರು ಕಳಿಸಿದ ಒಂದು ನೋಟಿಸು ಹೀಗೆ ಭಾವನವರ ಕೈ ಸೇರುವ ಹೊತ್ತಿಗೆ ಅದರ ಮೇಲೆ ಟೀ ಲೋಟದ ಎರಡು ಗುಂಡು ಗುರುತು, ಒಂದು ಮೂಲೆಯಲ್ಲಿ ಯಾರದೋ ಅಡಿಕೆ ತೂಕದ ಲೆಕ್ಕ. ಸಾಲ ಮಂಜೂರಾದರೂ, ಪಾಸ್‌ಪೋರ್ಟಿಗೆ ಪೊಲೀಸರು ವಿಚಾರಿಸಿದರೂ, ಆ ಹೋಟೆಲಿನವರಿಗೆ ನಮಗಿಂತ ಮೊದಲು ತಿಳಿಯುತ್ತಿತ್ತು.

ಖಾಯಂ ಎನ್ನುವುದೂ ಅಷ್ಟಕ್ಕಷ್ಟೆ. ಮನೆ ಕದಲದೆ ಕೂತಿದ್ದರೂ ವಿಳಾಸ ಕದಲುತ್ತದೆ. ಮಾವನವರ ಟ್ರಂಕಿನಲ್ಲಿ ‘ಮೈಸೂರು ರಾಜ್ಯ’ ಎಂದು ಬರೆದ ಇನ್‌ಲ್ಯಾಂಡುಗಳಿವೆ. 1973ರ ನವೆಂಬರ್ 1ರ ನಂತರ ಅದೇ ಮನೆ ಕರ್ನಾಟಕದಲ್ಲಿತ್ತು. 2014ರಲ್ಲಿ ಶಿಮೊಗ ಹೋಗಿ ಶಿವಮೊಗ್ಗ ಆಯಿತು, ಅದೇ ದಿನ ಬ್ಯಾಂಗಲೋರ್ ಬೆಂಗಳೂರಾಯಿತು. ನಾವು ಹೊಸಪೇಟೆಯಲ್ಲಿದ್ದಾಗ ಅದು ಬಳ್ಳಾರಿ ಜಿಲ್ಲೆ. 2021ರಲ್ಲಿ ವಿಜಯನಗರ ಜಿಲ್ಲೆ. ಈಗ ಬೆಂಗಳೂರಿನ ಪಾಲಿಕೆಯೇ ಐದಾಗಿದೆ. ನಾವು ವಿಳಾಸ ತಿದ್ದಿಸಿ ಮನೆಗೆ ಬಂದು ಕೂರುವಷ್ಟರಲ್ಲಿ ಸರ್ಕಾರ ಅದನ್ನು ಇನ್ನೊಮ್ಮೆ ತಿದ್ದಿರುತ್ತದೆ.

ಇದೆಲ್ಲದರ ನಡುವೆ ಅಚಲವಾದ ನಂಬಿಕೆ ಇಟ್ಟುಕೊಂಡಿರುವುದು ಕಾನೂನು ಮಾತ್ರ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ವಿಳಾಸ ಸರಿಯಾಗಿ ಬರೆದು, ಅಂಚೆಯ ಹಣ ಕಟ್ಟಿ, ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿದರೆ, ಬೇರೆ ರೀತಿ ಸಾಬೀತಾಗುವವರೆಗೆ ಪತ್ರ ಮುಟ್ಟಿತು ಎಂದೇ ಲೆಕ್ಕ. ಆ ರಿಜಿಸ್ಟರ್ ಪೋಸ್ಟೇ 2025ರಲ್ಲಿ ಸ್ಪೀಡ್ ಪೋಸ್ಟಿನ ಹೊಟ್ಟೆಯೊಳಗೆ ಸೇರಿಹೋಯಿತು. ಹೋಗುವವರು ಹೋಗುತ್ತಾರೆ, ನಂಬಿಕೆ ಉಳಿಯುತ್ತದೆ.

ವಿಳಾಸ ಬದಲಾಯಿಸುವ ವಿಷಯದಲ್ಲಿ ಉಪದೇಶ ಮಾಡುವವರು ಬಹಳ. ಪಟ್ಟಿ ಮಾಡಿಕೊಳ್ಳಿ, ಮೊದಲು ಬ್ಯಾಂಕು, ಆಮೇಲೆ ಗ್ಯಾಸು, ಆಮೇಲೆ ಮೊಬೈಲು, ಒಂದೊಂದಾಗಿ ಗುರುತು ಹಾಕಿ ಎನ್ನುತ್ತಾರೆ. ಮಗಳು ನನಗೆ ಅಂಥದ್ದೊಂದು ಪಟ್ಟಿಯನ್ನು ಬಣ್ಣ ಹಚ್ಚಿ ಕಳಿಸಿದ್ದಳು. ಹಣಕಾಸಿನದ್ದೆಲ್ಲ ಬದಲಾಯಿಸಬೇಕು, ಅದರಲ್ಲಿ ಎರಡು ಮಾತಿಲ್ಲ; ಡೆಬಿಟ್ ಕಾರ್ಡು ಹಳೇ ಮನೆಯ ಕಿಟಕಿಯಲ್ಲಿ ಬಿದ್ದಿರಬಾರದು. ಗ್ಯಾಸಿನದನ್ನೂ ಬದಲಾಯಿಸಬೇಕು, ಸಿಲಿಂಡರ್ ತಿರುಗಿಸಿ ಕಳಿಸುವುದನ್ನು ಯಾವ ಪೋಸ್ಟ್‌ಮ್ಯಾನೂ ಒಪ್ಪುವುದಿಲ್ಲ. ಆದರೆ ಎಲ್ಲವನ್ನೂ ಬದಲಾಯಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಒಂದೊಂದು ಮನೆಯಲ್ಲಿ ಒಂದೊಂದನ್ನು ಬೇಕೆಂದೇ ಬಿಟ್ಟುಬರಬೇಕು ಎಂಬುದು ನನ್ನ ಪಂಥ. ವಿಜಯನಗರದಲ್ಲಿ ನಮ್ಮ ಮತ ಬಿಟ್ಟಿದ್ದೇವೆ. ಐದು ವರ್ಷಕ್ಕೆರಡು ಬಾರಿ ಅಲ್ಲಿಗೆ ಹೋಗಿ, ಶಾಲೆಯ ಸಾಲಿನಲ್ಲಿ ನಿಂತು, ಹಳೇ ಬೀದಿಯವರನ್ನೆಲ್ಲ ಒಟ್ಟಿಗೆ ನೋಡಿ, ಶಾಯಿ ಹಚ್ಚಿಸಿಕೊಂಡು ಪಿಟೀಲಿನವರ ಮನೆಯಲ್ಲಿ ಕಾಫಿ ಕುಡಿದು ಬರುತ್ತೇವೆ.

ಹನುಮಂತನಗರದಲ್ಲಿ ಬಿಟ್ಟಿರುವುದು ವಿಮೆಯ ಕಾಗದ, ಮತ್ತು ಒಂದು ಮಾಸಪತ್ರಿಕೆ. ವಿಮೆ ಈಗ ಮೊಬೈಲಿಗೇ ಬರುತ್ತದೆ, ಕಾಗದ ಬರೀ ನೆಪ. ಪತ್ರಿಕೆಗೆ ಮಾತ್ರ ನಾನು ವಿಳಾಸ ಬದಲಾವಣೆ ತಿಳಿಸಿಯೇ ಇಲ್ಲ. ಅಲ್ಲಿಯ ಓನರ್ ಅಮ್ಮನಿಗೆ ಎಂಬತ್ತು ದಾಟಿದೆ. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನ ಪಕ್ಕ ಅವರು ಒಂದು ಬಟ್ಟೆ ಚೀಲ ತೂಗುಹಾಕಿದ್ದಾರೆ. ಬಿಟ್ಟುಹೋದ ಬಾಡಿಗೆಯವರ ಪತ್ರವೆಲ್ಲ ಅದರೊಳಗೆ. ಚೀಲದೊಳಗೆ ರಬ್ಬರ್ ಬ್ಯಾಂಡ್ ಹಾಕಿದ ಸಣ್ಣ ಸಣ್ಣ ಕಟ್ಟು, ಒಂದೊಂದರ ಮೇಲೂ ಕ್ಯಾಲೆಂಡರ್ ಹಾಳೆಯ ಚೂರು, ಅದರಲ್ಲಿ ಪೆನ್ಸಿಲಿನಿಂದ "ಮೇಲಿನ ಮನೆ ಬ್ಯಾಂಕಿನವರು", "ಹಿಂದಿನ ಮನೆ ಮೇಷ್ಟ್ರು", "ನಾಯಿ ಇದ್ದವರು". ನಾಯಿ ಇದ್ದವರ ಕಟ್ಟು ಬಹಳ ದಪ್ಪ. ಅವರು ಇನ್‌ಸ್ಟ್ರಕ್ಷನ್ಸ್ ಇಲ್ಲದೆ ಹೋದವರು.

ನಮ್ಮ ಕಟ್ಟಿನಲ್ಲಿ ಏನಾದರೂ ಸೇರಿದರೆ ಫೋನು ಬರುತ್ತದೆ. "ನಿಮ್ದೊಂದು ಕಾಗ್ದ ಬಂದಿದೆ ಕಣಮ್ಮ. ಅರ್ಜೆಂಟೇನಲ್ಲ, ಕಿಟಕಿ ಇರೋ ಲಕೋಟೆ. ನಿಧಾನಕ್ಕೆ ಬನ್ನಿ. ನಾಳೆ ಬರೋದಾದ್ರೆ ಅವರೇಕಾಳು ಹುಳಿ ಮಾಡ್ತೀನಿ, ಹೇಳ್ಬಿಡಿ." ಹೋದರೆ ಪತ್ರ ಕೊಡುವುದು ಹೊರಡುವ ಹೊತ್ತಿಗೆ. ಮೊದಲೇ ಕೊಟ್ಟರೆ ನಾನು ಎದ್ದುಬಿಡುತ್ತೇನೆಂದು ಅವರಿಗೆ ಗೊತ್ತು.

ನಾವಿದ್ದ ಮೇಲಿನ ಮನೆಗೆ ಹೋದ ವರ್ಷ ಹೊಸಬರು ಬಂದರು, ಹಾಸನದ ಕಡೆಯ ದಂಪತಿ. ಆಕೆ ಒಂದು ಸಂಜೆ ಫೋನು ಮಾಡಿದರು. "ಆಂಟಿ, ನೀವು ನನಗೆ ಗೊತ್ತಿಲ್ಲ, ನಿಮ್ಮ ಪತ್ರಿಕೆ ಗೊತ್ತು. ಅಜ್ಜಿ ಚೀಲಕ್ಕೆ ಹಾಕೋಕೆ ಮುಂಚೆ ನಾನು ಓದ್ಕೊಂಡು ಕೊಡ್ತೀನಿ, ಬೇಜಾರಿಲ್ಲ ತಾನೆ?"

ಪದಬಂಧ ತುಂಬಿರುವುದನ್ನು ನಾನೂ ಗಮನಿಸಿದ್ದೆ. ಅಮ್ಮನದಿರಬೇಕು ಎಂದುಕೊಂಡಿದ್ದೆ.

"ಅದಕ್ಕೇನು, ಓದಿ" ಅಂದೆ.

"ಅಲ್ಲ ಆಂಟಿ, ಲೇಬಲ್ ಮೇಲೆ ಚಂದಾ ಮುಂದಿನ ತಿಂಗಳಿಗೆ ಮುಗಿಯುತ್ತೆ ಅಂತ ಇದೆ. ಧಾರಾವಾಹಿ ಇನ್ನೂ ಮುಗಿದಿಲ್ಲ."

ಆಮೇಲೆ ನಾನೇ ಕೂತು ಮೊಬೈಲಿನಲ್ಲಿ ಎರಡು ವರ್ಷದ ಚಂದಾ ಕಟ್ಟಿದೆ. ಕೊನೆಯಲ್ಲಿ ಒಂದು ಪ್ರಶ್ನೆ ಬಂತು, ವಿಳಾಸದಲ್ಲಿ ಬದಲಾವಣೆ ಇದೆಯೇ ಎಂದು. ಇಲ್ಲ ಎಂದು ಒತ್ತಿ, ಅಮ್ಮನಿಗೆ ಫೋನು ಮಾಡಿ, ಅವರೇಕಾಯಿ ಇನ್ನೂ ಸಿಗುತ್ತಿದೆಯೇ ಎಂದು ಕೇಳಿದೆ.